ಹೋಗುವ ದಾರಿ, ಮರಳುವ ದಾರಿ: ಆನ್-ಕಾಲ್ ವೈದ್ಯರ ಮನೆ ಎಷ್ಟು ದೂರವಿರಬಹುದು?

ಪ್ರಶ್ನೆ: ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದಲ್ಲಿ ಸ್ನಾತಕೋತ್ತರ ತರಬೇತಿಗೆ ಆಯ್ಕೆಯಾಗಿದ್ದೇನೆ. ಇನ್ನು ಎರಡು ತಿಂಗಳಲ್ಲಿ ಸೇರಬೇಕು. ನಮ್ಮ ಮನೆಯಿಂದ ಆಸ್ಪತ್ರೆಗೆ 48 ಕಿಲೋಮೀಟರ್. ಹಗಲಿನಲ್ಲಿ ಒಂದು ಗಂಟೆ ಹತ್ತು ನಿಮಿಷ, ರಾತ್ರಿ ಖಾಲಿ ರಸ್ತೆಯಲ್ಲಿ ಐವತ್ತು ನಿಮಿಷ ಹಿಡಿಯುತ್ತದೆ. ಎರಡೂವರೆ ವರ್ಷದ ಮಗನಿದ್ದಾನೆ, ಅವನನ್ನು ನನ್ನ ಅತ್ತೆಯವರು ನೋಡಿಕೊಳ್ಳುತ್ತಾರೆ. ಪತಿಯ ಕೆಲಸ ಆಸ್ಪತ್ರೆಗೆ ವಿರುದ್ಧ ದಿಕ್ಕಿನಲ್ಲಿರುವುದರಿಂದ ಮನೆ ಬದಲಿಸಿದರೆ ಅವರ ಓಡಾಟ ದುಪ್ಪಟ್ಟಾಗುತ್ತದೆ. ಮೊದಲ ವರ್ಷ ಆನ್-ಕಾಲ್ ದಿನಗಳಲ್ಲಿ, ಅಂದರೆ ತುರ್ತು ಕರೆಗೆ ಸಿದ್ಧವಿರಬೇಕಾದ ದಿನಗಳಲ್ಲಿ, ಆಸ್ಪತ್ರೆಯಲ್ಲೇ ಉಳಿಯಬೇಕು, ಎರಡನೆಯ ವರ್ಷದಿಂದ ಕೆಲವು ರಾತ್ರಿ ಮನೆಯಲ್ಲಿರಬಹುದು, ಆದರೆ ಕರೆ ಬಂದ 30 ನಿಮಿಷದೊಳಗೆ ತಲುಪಬೇಕು ಎಂದು ವಿಭಾಗದವರು ಹೇಳಿದ್ದಾರೆ. ಒಬ್ಬ ಸೀನಿಯರ್ ‘ಯಾರೂ ಗಡಿಯಾರ ಹಿಡಿದು ಕೂರುವುದಿಲ್ಲ, ಓಡಾಡಿಕೊಂಡೇ ಮುಗಿಸಿದವರು ಬೇಕಾದಷ್ಟು ಜನರಿದ್ದಾರೆ’ ಎಂದರು. ಇನ್ನೊಬ್ಬರು ‘ಚಿಕ್ಕ ಮಗುವಿರುವವರು ಈ ವಿಷಯ ತೆಗೆದುಕೊಳ್ಳಲೇಬಾರದಿತ್ತು’ ಎಂದರು. ದಿನವೂ ಕಾರಿನಲ್ಲಿ ಓಡಾಡಬಹುದೇ? ಮನೆ ಬದಲಿಸಲೇಬೇಕೇ? ಮಗುವಿನ ವಿಷಯವನ್ನು ಸೇರುವ ಮೊದಲೇ ವಿಭಾಗದ ಮುಖ್ಯಸ್ಥರಿಗೆ ಹೇಳಿದರೆ ತಪ್ಪಾಗುತ್ತದೆಯೇ?

ಉತ್ತರ: ಡಾಕ್ಟರ್, ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಕರೆ ಬಂದಾಗ ಸಮಯಕ್ಕೆ ಸರಿಯಾಗಿ ತಲುಪಬಲ್ಲೆನೇ ಎಂಬ ಚಿಂತೆ ಅದರಲ್ಲಿ ಉದ್ದಕ್ಕೂ ಕಾಣುತ್ತದೆ. ಅದು ಸರಿಯಾದ ಚಿಂತೆಯೇ. ಆದರೆ ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಮನೆಗೆ ಹೇಗೆ ಮರಳುತ್ತೀರಿ ಎಂಬುದರ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ. ತರಬೇತಿಯಲ್ಲಿರುವ ವೈದ್ಯರ ಮೇಲ್ವಿಚಾರಣೆಯನ್ನು ಬಹಳ ವರ್ಷ ಮಾಡಿದವನಾಗಿ ಹೇಳುತ್ತೇನೆ, ದೂರದ ಮನೆಯಿಂದ ಓಡಾಡಿದವರ ವಿಷಯದಲ್ಲಿ ನಾನು ಹೆಚ್ಚು ಹೆದರಿದ್ದು ಅವರು ತಡವಾಗಿ ಬಂದ ರಾತ್ರಿಗಳಿಗಿಂತ ಅವರು ಹೊರಟುಹೋದ ಬೆಳಗುಗಳಲ್ಲಿ. ಆದ್ದರಿಂದ ಹೋಗುವ ದಾರಿಯನ್ನೂ ಮರಳುವ ದಾರಿಯನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕೋಣ. ಎರಡಕ್ಕೂ ಉತ್ತರ ಒಂದೇ ಆಗಬೇಕಿಲ್ಲ, ನಿಮ್ಮ ಮೊದಲ ವರ್ಷಕ್ಕೂ ಎರಡನೆಯ ವರ್ಷಕ್ಕೂ ಉತ್ತರ ಒಂದೇ ಆಗುವುದಂತೂ ಸಾಧ್ಯವಿಲ್ಲ.

ಮೊದಲು ಆಸ್ಪತ್ರೆಯಲ್ಲೇ ಅಥವಾ ಅದರ ಹತ್ತಿರವೇ ಇರಬೇಕೆಂಬ ಈ ನಿಯಮ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು. ತರಬೇತಿಯಲ್ಲಿರುವ ವೈದ್ಯರನ್ನು ಕರೆಯುವ ‘ರೆಸಿಡೆಂಟ್’ ಎಂಬ ಪದಕ್ಕೆ ಅಲ್ಲೇ ವಾಸಿಸುವವನು ಎಂದರ್ಥ. 1889ರಲ್ಲಿ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದಾಗ ವಿಲಿಯಂ ಆಸ್ಲರ್ ಮತ್ತು ವಿಲಿಯಂ ಹಾಲ್‌ಸ್ಟೆಡ್ ರೂಪಿಸಿದ ತರಬೇತಿಯಲ್ಲಿ ಕಿರಿಯ ವೈದ್ಯರು ಆಸ್ಪತ್ರೆಯ ಕಟ್ಟಡದಲ್ಲೇ ಇರುತ್ತಿದ್ದರು, ಮತ್ತು ಅವರು ಬಹುಪಾಲು ಅವಿವಾಹಿತ ಪುರುಷರು. ಮನೆ, ಮಗು, ದುಡಿಯುವ ಸಂಗಾತಿ, ಒಂದು ಗಂಟೆಯ ಪ್ರಯಾಣ ಇವ್ಯಾವುವೂ ಆ ವ್ಯವಸ್ಥೆಯ ಲೆಕ್ಕದಲ್ಲಿರಲಿಲ್ಲ. ಇಂದು ತರಬೇತಿಗೆ ಬರುವವರ ಬದುಕು ಪೂರ್ತಿ ಬೇರೆಯಾಗಿದ್ದರೂ ಡ್ಯೂಟಿಯ ಅಚ್ಚು ಬಹಳಷ್ಟು ಕಡೆ ಅದೇ ಉಳಿದಿದೆ. ನಿಮಗೆ ಈಗ ಎದುರಾಗಿರುವ ಇಕ್ಕಟ್ಟು ನಿಮ್ಮ ಸಿದ್ಧತೆಯ ಕೊರತೆಯಿಂದ ಬಂದದ್ದಲ್ಲ ಎಂಬುದು ನಿಮಗೆ ತಿಳಿದಿರಲಿ ಎಂದೇ ಇದನ್ನು ಹೇಳಿದೆ.

ಆನ್-ಕಾಲ್ ಎಂಬ ಒಂದೇ ಮಾತಿನಲ್ಲಿ ಎರಡು ಬಗೆಯ ಕೆಲಸಗಳಿವೆ. ಆಸ್ಪತ್ರೆಯಲ್ಲೇ ಉಳಿದು ಮಾಡುವ ಡ್ಯೂಟಿ ಒಂದು, ಮನೆಯಲ್ಲಿದ್ದು ಕರೆ ಬಂದಾಗ ಹೋಗುವ ಡ್ಯೂಟಿ ಇನ್ನೊಂದು. ಯುರೋಪಿನ ನ್ಯಾಯಾಲಯ ಈ ವ್ಯತ್ಯಾಸವನ್ನು ಬಹಳ ಗಂಭೀರವಾಗಿ ತೂಗಿ ನೋಡಿದೆ. ಜರ್ಮನಿಯ ಕೀಲ್ ನಗರದ ಒಬ್ಬ ಆಸ್ಪತ್ರೆ ವೈದ್ಯರ ಮೊಕದ್ದಮೆಯಲ್ಲಿ 2003ರಲ್ಲಿ ಅದು ಕೊಟ್ಟ ತೀರ್ಪಿನ ಪ್ರಕಾರ, ಆಸ್ಪತ್ರೆಯೊಳಗೆ ಆನ್-ಕಾಲ್ ಇರುವ ಇಡೀ ಅವಧಿ, ವೈದ್ಯರು ಡ್ಯೂಟಿ ರೂಮಿನಲ್ಲಿ ಮಲಗಿದ ಹೊತ್ತೂ ಸೇರಿ, ಕೆಲಸದ ಸಮಯವೇ. 2018ರಲ್ಲಿ ಬೆಲ್ಜಿಯಂನ ಅಗ್ನಿಶಾಮಕ ಸ್ವಯಂಸೇವಕರೊಬ್ಬರ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮನೆಯಲ್ಲಿದ್ದರೂ 8 ನಿಮಿಷದೊಳಗೆ ಹಾಜರಾಗಬೇಕಾದವರ ಕಾಯುವಿಕೆಯೂ ಕೆಲಸದ ಸಮಯವೇ ಎಂದಿತು. ಕರೆಗೆ ಕೊಟ್ಟಿರುವ ನಿಮಿಷಗಳು ಕಡಿಮೆಯಾದಷ್ಟೂ ಆ ಹೊತ್ತು ನಿಮ್ಮದಾಗಿ ಉಳಿಯುವುದಿಲ್ಲ ಎಂಬುದು ಈ ತೀರ್ಪುಗಳ ಹಿಂದಿರುವ ತಿಳಿವು. ನಿಮ್ಮ ದೇಶದ ಕಾನೂನು ಹೀಗೆ ಹೇಳದಿದ್ದರೂ ನಿಮ್ಮ ಬದುಕಿಗೆ ಅದು ಹೀಗೆಯೇ ಅನ್ವಯಿಸುತ್ತದೆ.

ಈಗ ಆ 30 ನಿಮಿಷದ ವಿಷಯಕ್ಕೆ ಬರುತ್ತೇನೆ. ತಲುಪುವ ಅವಧಿ ಎಷ್ಟಿರಬೇಕು ಎಂಬುದಕ್ಕೆ ಜಗತ್ತಿಗೆಲ್ಲ ಒಪ್ಪಿತವಾದ ಒಂದೇ ಅಳತೆಯಿಲ್ಲ, ಅದು ರೋಗದ ವೇಗದ ಮೇಲೆ ನಿಂತಿದೆ. ಅಮೆರಿಕದ ಶಸ್ತ್ರವೈದ್ಯರ ಕಾಲೇಜು ಮೇಲ್ದರ್ಜೆಯ ಟ್ರಾಮಾ ಕೇಂದ್ರಗಳಲ್ಲಿ ಅತಿ ಗಂಭೀರ ಗಾಯಾಳು ಬಂದ 15 ನಿಮಿಷದೊಳಗೆ ಹಿರಿಯ ಶಸ್ತ್ರಚಿಕಿತ್ಸಕರು ಅಲ್ಲಿರಬೇಕು ಎನ್ನುತ್ತದೆ. ಹೃದಯಾಘಾತದ ತುರ್ತು ಆಂಜಿಯೋಪ್ಲಾಸ್ಟಿಯನ್ನು ಬೇಗ ಮಾಡುವ ಆಸ್ಪತ್ರೆಗಳು ಯಾವ ಕ್ರಮಗಳಿಂದ ಹಾಗೆ ಮಾಡುತ್ತಿವೆ ಎಂದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಹುಡುಕಿದಾಗ, ಕರೆ ಹೋದ 20 ನಿಮಿಷದಲ್ಲಿ ತಂಡ ಆ ಚಿಕಿತ್ಸೆ ನಡೆಯುವ ಕ್ಯಾಥ್‌ಲ್ಯಾಬ್‌ನಲ್ಲಿರಬೇಕೆಂಬ ನಿರೀಕ್ಷೆಯೂ ಅವುಗಳಲ್ಲಿ ಒಂದಾಗಿ ಕಂಡಿತು. ಚರ್ಮರೋಗ ವಿಭಾಗದಲ್ಲಿ ಇಂಥ ಗಡಿಬಿಡಿಯ ರಾತ್ರಿಗಳು ವಿರಳ. ನೀವು ಆರಿಸಿಕೊಂಡ ವಿಷಯದಲ್ಲಿ ಮಾತ್ರ ನಿಮಿಷಗಳಿಗೆ ಬೇರೆಯೇ ಬೆಲೆಯಿದೆ. ತಾಯಿಯ ಅಥವಾ ಮಗುವಿನ ಜೀವಕ್ಕೆ ತಕ್ಷಣದ ಅಪಾಯವಿರುವ ಸಿಸೇರಿಯನ್‌ನಲ್ಲಿ ನಿರ್ಧಾರವಾದ ಕ್ಷಣದಿಂದ ಮಗು ಹೊರಬರುವವರೆಗೆ 30 ನಿಮಿಷ ಎಂಬುದು ಬ್ರಿಟನ್ನಿನ ಮಾರ್ಗಸೂಚಿ, ಅಷ್ಟು ತುರ್ತಿಲ್ಲದ ಎರಡನೆಯ ವರ್ಗಕ್ಕೆ 75 ನಿಮಿಷ. ಹೊಕ್ಕುಳಬಳ್ಳಿ ಕೆಳಗೆ ಜಾರಿದಾಗ, ಗರ್ಭಕೋಶ ಬಿರಿದಾಗ ಆ 30 ನಿಮಿಷವೂ ದೀರ್ಘ ಎನಿಸುತ್ತದೆ. ತುಂಬಿದ ಗರ್ಭದಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು 500ರಿಂದ 700 ಮಿಲಿಲೀಟರ್ ರಕ್ತ ಹರಿಯುತ್ತಿರುತ್ತದೆ. ಹೆರಿಗೆಯ ನಂತರ ಆ ಗರ್ಭಕೋಶ ಬಿಗಿಯದೆ ಸಡಿಲವಾಗಿಯೇ ಉಳಿದರೆ ಏನಾಗುತ್ತದೆ ಎಂಬುದನ್ನು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಹಾಗಾದರೆ ಮನೆಯಿಂದ ಆನ್-ಕಾಲ್ ಇರುವ ವೈದ್ಯರ ಭರವಸೆಯ ಮೇಲೆ ಹೆರಿಗೆ ವಾರ್ಡು ನಡೆಯುವುದಾದರೂ ಹೇಗೆ? ನೀವು ತಲುಪುವವರೆಗೆ ಅಲ್ಲಿ ಇನ್ನೊಬ್ಬರು ಇರುತ್ತಾರೆ ಎಂಬ ಆಧಾರದ ಮೇಲೆ. ಹಾಗಾಗಿ ವಿಭಾಗದವರನ್ನು ನೀವು ಕೇಳಬೇಕಾದ ಮೊದಲ ಪ್ರಶ್ನೆ ಎಷ್ಟು ಕಿಲೋಮೀಟರ್ ದೂರ ಇರಬಹುದು ಎಂಬುದಕ್ಕಿಂತ, ನಾನು ದಾರಿಯಲ್ಲಿರುವಾಗ ಲೇಬರ್ ರೂಮಿನಲ್ಲಿ ಯಾರಿರುತ್ತಾರೆ, ಅವರು ಏನನ್ನು ಸ್ವತಂತ್ರವಾಗಿ ಮಾಡಬಲ್ಲರು ಎಂಬುದಾಗಿರಬೇಕು. ಸಿಸೇರಿಯನ್ ಆರಂಭಿಸಬಲ್ಲ ಒಬ್ಬರು ಸ್ಥಳದಲ್ಲಿದ್ದರೆ ನಿಮ್ಮ 30 ನಿಮಿಷ ಸಹನೀಯ. ಮೊದಲ ವರ್ಷದ ಕಿರಿಯರೊಬ್ಬರು ಮಾತ್ರ ಇದ್ದರೆ 15 ನಿಮಿಷವೂ ಹೆಚ್ಚು, ಮತ್ತು ಅಂಥ ಕಡೆ ಮನೆಯಿಂದ ಆನ್-ಕಾಲ್ ಎಂಬ ವ್ಯವಸ್ಥೆಯೇ ಇರಬಾರದು ಎಂದು ನಾನು ಭಾವಿಸುತ್ತೇನೆ.

‘ಯಾರೂ ಗಡಿಯಾರ ಹಿಡಿದು ಕೂರುವುದಿಲ್ಲ’ ಎಂಬ ಸೀನಿಯರ್ ಮಾತು ಹೆಚ್ಚಿನ ರಾತ್ರಿಗಳ ಮಟ್ಟಿಗೆ ನಿಜ. ಹೆಚ್ಚಿನ ರಾತ್ರಿಗಳಲ್ಲಿ ಹತ್ತು ನಿಮಿಷ ತಡವಾದರೂ ಏನೂ ಆಗುವುದಿಲ್ಲ, ಆದ್ದರಿಂದಲೇ ಆ ಮಾತಿಗೆ ಅಷ್ಟು ಬಲ ಬಂದಿದೆ. ಆದರೆ ಕೇಸ್ ಶೀಟಿನಲ್ಲಿ ಕರೆ ಮಾಡಿದ ಸಮಯವನ್ನೂ ವೈದ್ಯರು ಬಂದು ನೋಡಿದ ಸಮಯವನ್ನೂ ನರ್ಸ್‌ಗಳು ಪ್ರತಿ ರಾತ್ರಿ ಬರೆಯುತ್ತಾರೆ. ಏನಾದರೂ ಅನಾಹುತವಾದ ದಿನ ಆ ಎರಡು ಅಂಕಿಗಳ ನಡುವಿನ ಅಂತರವನ್ನು ಎಲ್ಲರೂ ಎಣಿಸುತ್ತಾರೆ. 30 ನಿಮಿಷ ಎಂದು ಸಹಿ ಹಾಕಿ 50 ನಿಮಿಷ ದೂರದಲ್ಲಿ ಮಲಗಿದ್ದವರಿಗೆ ಅಂದು ಹೇಳಲು ಏನೂ ಉಳಿದಿರುವುದಿಲ್ಲ. ವಿಚಾರಣೆಯ ಮಾತು ಹಾಗಿರಲಿ, ನೀವು ಬರುತ್ತೀರೆಂದು ನಂಬಿ ಹೊಟ್ಟೆ ಹಿಡಿದು ಮಲಗಿದ್ದ ಆ ತಾಯಿಗೆ ನೀವು ಕೊಟ್ಟ ಮಾತು ಅದು.

30 ನಿಮಿಷ ಎಂದರೆ ಎಷ್ಟು ಎಂಬುದನ್ನೂ ಬಿಡಿಸಿ ನೋಡಬೇಕು. ಗಾಢ ನಿದ್ರೆಯಿಂದ ಎದ್ದು ಫೋನಿನ ಮಾತನ್ನು ಅರ್ಥ ಮಾಡಿಕೊಳ್ಳಲು ಎರಡು ಮೂರು ನಿಮಿಷ, ಮುಖ ತೊಳೆದು ಬಟ್ಟೆ ಹಾಕಲು ನಾಲ್ಕು, ಕಾರು ಹೊರತೆಗೆಯಲು ಎರಡು, ಆಸ್ಪತ್ರೆಯಲ್ಲಿ ಗಾಡಿ ನಿಲ್ಲಿಸಿ ಶಸ್ತ್ರಚಿಕಿತ್ಸಾ ಕೊಠಡಿಯ (ಓ.ಟಿ.) ಮಹಡಿಗೆ ನಡೆಯಲು ನಾಲ್ಕು, ಬಟ್ಟೆ ಬದಲಿಸಲು ಎರಡು. ಹದಿನೈದು ನಿಮಿಷ ಇಲ್ಲೇ ಮುಗಿಯಿತು. ಉಳಿದ ಹದಿನೈದು ನಿಮಿಷದಲ್ಲಿ ಎಷ್ಟು ದೂರ ಸಾಗಬಹುದೋ ಅಷ್ಟು ದೂರದಲ್ಲಿ ನಿಮ್ಮ ಹಾಸಿಗೆ ಇರಬೇಕು. ಇದಕ್ಕೆ ಇನ್ನೂ ಒಂದು ಸಂಗತಿ ಸೇರುತ್ತದೆ. ಎದ್ದ ತಕ್ಷಣ ಮಿದುಳಿಗೆ ಕವಿದಿರುವ ಮಂಪರು ಸಾಮಾನ್ಯವಾಗಿ ಹದಿನೈದರಿಂದ ಮೂವತ್ತು ನಿಮಿಷ ಇರುತ್ತದೆ, ಗಾಢ ನಿದ್ರೆಯಿಂದ ಎಬ್ಬಿಸಿದಾಗ ಅದು ಹೆಚ್ಚು. ಅಂದರೆ ಕರೆ ಬಂದ ಮೇಲೆ ನೀವು ಗಾಡಿ ಓಡಿಸುವ ಹೊತ್ತು ಪೂರ್ತಿ ಆ ಮಂಪರಿನ ಅವಧಿಯೊಳಗೇ ಬೀಳುತ್ತದೆ. ಜೊತೆಗೆ ದೂರದ ದಾರಿಯಲ್ಲಿ ಲೇಬರ್ ರೂಮಿನಿಂದ ಮತ್ತೆ ಮತ್ತೆ ಫೋನ್ ಬರುತ್ತದೆ. ಮಗುವಿನ ಹೃದಯ ಬಡಿತ ಎಷ್ಟಿದೆ, ರಕ್ತ ತರಿಸಬೇಕೇ ಎಂದು ಕೇಳುತ್ತಿರುವ ಕಿರಿಯರಿಗೆ ಉತ್ತರಿಸುತ್ತ ಸ್ಟಿಯರಿಂಗ್ ಹಿಡಿದಿರುವ ವೈದ್ಯರು ರಸ್ತೆಯಲ್ಲೂ ಪೂರ್ತಿ ಇರುವುದಿಲ್ಲ, ರೋಗಿಯ ಬಳಿಯೂ ಪೂರ್ತಿ ಇರುವುದಿಲ್ಲ.

ಚಿಕ್ಕ ಮಗುವಿರುವ ಮನೆಯಲ್ಲಿ ಈ ಲೆಕ್ಕಕ್ಕೆ ಯಾರೂ ಹೇಳಿಕೊಡದ ಒಂದು ಅಂಕಿ ಸೇರುತ್ತದೆ. ರಾತ್ರಿ ಎರಡು ಗಂಟೆಗೆ ಫೋನ್ ಬಂದಾಗ ಮಗ ನಿಮ್ಮ ತೋಳಿನ ಮೇಲೆ ಮಲಗಿದ್ದರೆ, ಅವನು ಎಚ್ಚರವಾಗಿ ಅತ್ತರೆ, ಅವನನ್ನು ತೆಗೆದುಕೊಳ್ಳುವವರು ಯಾರು ಮತ್ತು ಅವರು ಎದ್ದು ಬರಲು ಎಷ್ಟು ಹೊತ್ತು ಬೇಕು? ಮನೆಯಿಂದ ಆನ್-ಕಾಲ್ ಇರುವ ರಾತ್ರಿ ನೀವು ಮಗುವಿನ ಏಕೈಕ ಪಾಲಕಿಯಾಗಿರಲು ಸಾಧ್ಯವಿಲ್ಲ. ನನ್ನ ಬಳಿ ತರಬೇತಿ ಪಡೆದವರಲ್ಲಿ ಆಸ್ಪತ್ರೆಗೆ ಹತ್ತೇ ನಿಮಿಷ ದೂರದಲ್ಲಿದ್ದೂ ನಿತ್ಯ ತಡವಾಗುತ್ತಿದ್ದವರನ್ನು ನೋಡಿದ್ದೇನೆ, ಕಾರಣ ಕೇಳಿದರೆ ಪಕ್ಕದ ಮನೆಯವರನ್ನು ಎಬ್ಬಿಸಿ ಮಗುವನ್ನು ಒಪ್ಪಿಸಿ ಬರಬೇಕಾಗಿತ್ತು. ನಿಮ್ಮ ಅತ್ತೆಯವರು ಮನೆಯಲ್ಲಿರುವುದು ನಿಮ್ಮ ಪಾಲಿನ ದೊಡ್ಡ ಬಲ. ಅವರನ್ನು ಬಿಟ್ಟು ನೀವೊಬ್ಬರೇ ಮಗುವಿನೊಂದಿಗೆ ಆಸ್ಪತ್ರೆಯ ಪಕ್ಕಕ್ಕೆ ಬಂದರೆ ದಾರಿಯಲ್ಲಿ ಗಳಿಸಿದ ನಿಮಿಷಗಳನ್ನು ಬಾಗಿಲಲ್ಲೇ ಕಳೆದುಕೊಳ್ಳುತ್ತೀರಿ.

ಇನ್ನು ಮರಳುವ ದಾರಿ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ನಿಮ್ಮ ಮೊದಲ ವರ್ಷದಲ್ಲಿ ಆನ್-ಕಾಲ್ ಎಂದರೆ ಆಸ್ಪತ್ರೆಯಲ್ಲೇ ಇರುವುದರಿಂದ ದೂರದಿಂದ ತೊಂದರೆಯಿಲ್ಲ ಎಂದು ಅನೇಕರು ಸಮಾಧಾನ ಹೇಳುತ್ತಾರೆ. ವಾಸ್ತವದಲ್ಲಿ ದೂರ ಅತ್ಯಂತ ಅಪಾಯಕಾರಿಯಾಗುವುದು ಆ ವರ್ಷದಲ್ಲೇ. ನಿದ್ರೆಯಿಲ್ಲದ ಸ್ಥಿತಿಯನ್ನು ಮದ್ಯದ ಅಮಲಿನೊಂದಿಗೆ ಹೋಲಿಸಿ 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಪ್ರಕಟಿಸಿದ ಪ್ರಯೋಗದಲ್ಲಿ, ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೆ ಇಳಿದಿತ್ತು, 24 ಗಂಟೆಯಾದಾಗ ಸುಮಾರು ಶೇಕಡಾ 0.10ರ ಮಟ್ಟಕ್ಕೆ. ಅನೇಕ ದೇಶಗಳಲ್ಲಿ ಗಾಡಿ ಓಡಿಸಲು ಕಾನೂನು ಒಪ್ಪುವ ಮಿತಿಯನ್ನು ಇದು ಮೀರುತ್ತದೆ. ಕುಡಿದು ಬಂದವರ ಕೈಗೆ ನಾವು ಕಾರಿನ ಕೀಲಿ ಕೊಡುವುದಿಲ್ಲ, ಇಡೀ ರಾತ್ರಿ ಹೆರಿಗೆ ಮಾಡಿಸಿದವರಿಗೆ ಮಾತ್ರ ‘ಹೋಗಿ ಬನ್ನಿ’ ಎನ್ನುತ್ತೇವೆ.

2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತರಬೇತಿಯ ಮೊದಲ ವರ್ಷದಲ್ಲಿದ್ದ 2,737 ವೈದ್ಯರನ್ನು ತಿಂಗಳು ತಿಂಗಳೂ ಪ್ರಶ್ನಿಸಿತು. 24 ಗಂಟೆ ಅಥವಾ ಅದಕ್ಕಿಂತ ದೀರ್ಘವಾದ ಡ್ಯೂಟಿಯ ನಂತರ ಮನೆಗೆ ಮರಳುವಾಗ ಅಪಘಾತದ ಸಂಭವ, ಸಾಧಾರಣ ಡ್ಯೂಟಿಯ ನಂತರ ಮರಳುವುದಕ್ಕೆ ಹೋಲಿಸಿದರೆ, 2.3 ಪಟ್ಟು ಇತ್ತು, ಕೂದಲೆಳೆಯ ಅಂತರದಲ್ಲಿ ತಪ್ಪಿದ ಅಪಘಾತಗಳ ಸಂಭವ 5.9 ಪಟ್ಟು. ತಿಂಗಳಲ್ಲಿ ಅಂಥ ಒಂದೊಂದು ಡ್ಯೂಟಿ ಹೆಚ್ಚಾದಂತೆ ಮರಳುವ ದಾರಿಯ ಅಪಘಾತದ ಅಪಾಯ ಶೇಕಡಾ 16.2ರಷ್ಟು ಏರುತ್ತಿತ್ತು. ಬ್ರಿಟನ್ನಿನಲ್ಲಿ ಅರಿವಳಿಕೆ ವಿಭಾಗದ ತರಬೇತಿಯಲ್ಲಿದ್ದವರ ನಡುವೆ ನಡೆದು 2017ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ರಾತ್ರಿ ಪಾಳಿಯ ನಂತರ ಮರಳುವಾಗ ಅಪಘಾತವಾಗಿತ್ತು ಅಥವಾ ಸ್ವಲ್ಪದರಲ್ಲಿ ತಪ್ಪಿತ್ತು ಎಂದವರು ಶೇಕಡಾ 57. ಇನ್ನೊಂದು ಪ್ರಯೋಗದಲ್ಲಿ, ರಾತ್ರಿ ಪಾಳಿಯ 16 ಮಂದಿ ಕೆಲಸಗಾರರನ್ನು ಪಾಳಿ ಮುಗಿದ ಮೇಲೆ ಒಮ್ಮೆ ಮತ್ತು ನಿದ್ರೆ ಮಾಡಿದ ಮೇಲೆ ಒಮ್ಮೆ, ಬೇರೆ ವಾಹನಗಳಿಲ್ಲದ ಮೀಸಲು ರಸ್ತೆಯಲ್ಲಿ ಕಾರು ಓಡಿಸಲು ಬಿಟ್ಟರು. ನಿದ್ರೆ ಮಾಡಿ ಬಂದ ದಿನ ಒಬ್ಬರೂ ಅವಘಡದ ಅಂಚಿಗೆ ಹೋಗಲಿಲ್ಲ. ಪಾಳಿಯ ನಂತರ ಅವರಲ್ಲಿ 6 ಮಂದಿ ಒಟ್ಟು 11 ಬಾರಿ ಆ ಅಂಚಿಗೆ ಹೋದರು, 7 ಮಂದಿಯ ಚಾಲನೆಯನ್ನು ಸುರಕ್ಷತೆಗಾಗಿ ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಇದರ ಹಿಂದಿನ ಕಾರಣ ಸರಳ ಮತ್ತು ನಿರ್ದಯ. ತೀರ ದಣಿದ ಮಿದುಳು ನಿಮ್ಮ ಅನುಮತಿ ಕೇಳದೆ ಕೆಲವು ಕ್ಷಣ ನಿದ್ರೆಗೆ ಜಾರುತ್ತದೆ, ಕಣ್ಣು ತೆರೆದಿದ್ದರೂ ಅದು ಆಗಬಲ್ಲದು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನಾಲ್ಕು ಸೆಕೆಂಡು ಹೀಗೆ ಜಾರಿದರೆ ಕಾರು ಸುಮಾರು 67 ಮೀಟರ್ ದೂರ ಚಾಲಕರಿಲ್ಲದೆ ಸಾಗಿರುತ್ತದೆ. ನಗರದ ಒಳಗಿನ ಗಿಜಿಗುಟ್ಟುವ ರಸ್ತೆಗಿಂತ ನಿಮ್ಮ ದಾರಿಯಲ್ಲಿರುವಂಥ ಉದ್ದನೆಯ, ಏಕತಾನದ, ನೇರ ರಸ್ತೆ ಇಂಥ ಜಾರುವಿಕೆಗೆ ಹೆಚ್ಚು ಎಡೆ ಮಾಡಿಕೊಡುತ್ತದೆ. ನಾನು ತರಬೇತಿಯಲ್ಲಿದ್ದಾಗ ಸುಮಾರು ಮೂವತ್ತು ಗಂಟೆಗಳ ಡ್ಯೂಟಿ ಮುಗಿಸಿ ಗಾಡಿ ಓಡಿಸಿಕೊಂಡು ಹೋದ ಒಂದು ಬೆಳಿಗ್ಗೆ ಸಿಗ್ನಲ್‌ನಲ್ಲಿ ನಿದ್ರೆ ಹೋಗಿದ್ದೆ. ಹಿಂದಿನವರು ಹಾರ್ನ್ ಹೊಡೆದಾಗ ಎಚ್ಚರವಾಯಿತು. ಅದಕ್ಕೂ ಹಿಂದಿನ ನಾಲ್ಕೈದು ಕಿಲೋಮೀಟರ್ ದಾರಿಯಲ್ಲಿ ಏನೇನು ದಾಟಿ ಬಂದೆ ಎಂಬುದು ನನಗೆ ಇಂದಿಗೂ ನೆನಪಿಲ್ಲ. ಆ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳು ರಸ್ತೆ ದಾಟುತ್ತಿದ್ದರು ಎಂಬುದು ಮಾತ್ರ ಗೊತ್ತು.

ಕಿಟಕಿ ತೆರೆದು ಗಾಳಿ ತೆಗೆದುಕೊಂಡರೆ, ಹಾಡು ಜೋರಾಗಿ ಹಾಕಿದರೆ, ಚೂಯಿಂಗ್ ಗಮ್ ಜಗಿದರೆ ನಿದ್ರೆ ಹೋಗುತ್ತದೆ ಎಂಬುದು ನಮ್ಮವರಲ್ಲಿ ಬೇರೂರಿದ ನಂಬಿಕೆ. ಇವು ಕೆಲವು ನಿಮಿಷ ಎಚ್ಚರದ ಭಾವನೆಯನ್ನು ಕೊಡುತ್ತವೆ, ಎಚ್ಚರವನ್ನು ಕೊಡುವುದಿಲ್ಲ. ತಕ್ಕಮಟ್ಟಿಗೆ ಕೆಲಸ ಮಾಡುವುದು ನಿದ್ರೆಯೇ. ಒಂದು ಕಪ್ ಕಾಫಿ ಕುಡಿದು ತಕ್ಷಣ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದರೆ, ಕಾಫಿಯ ಪರಿಣಾಮ ಆರಂಭವಾಗುವ ಹೊತ್ತಿಗೆ ನೀವು ಎದ್ದಿರುತ್ತೀರಿ. ಹತ್ತಿರದ ದಾರಿಗೆ ಇದು ನೆರವಾಗಬಹುದು, ಇಡೀ ರಾತ್ರಿ ಎಚ್ಚರವಿದ್ದವರನ್ನು 48 ಕಿಲೋಮೀಟರ್ ದಾಟಿಸುವ ಶಕ್ತಿ ಅದಕ್ಕಿಲ್ಲ. ‘ಆರು ತಿಂಗಳಲ್ಲಿ ಅಭ್ಯಾಸವಾಗುತ್ತದೆ’ ಎಂಬ ಮಾತನ್ನೂ ನಂಬಬೇಡಿ. 2003ರ ಪ್ರಯೋಗವೊಂದರಲ್ಲಿ ಎರಡು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ ಒಂದೆರಡು ರಾತ್ರಿ ಪೂರ್ತಿ ನಿದ್ರೆಗೆಟ್ಟವರಷ್ಟು ಕುಸಿದಿತ್ತು, ಆದರೆ ತಾವು ಅಷ್ಟು ಕುಸಿದಿದ್ದೇವೆ ಎಂಬ ಅರಿವು ಅವರಿಗೆ ಇರಲಿಲ್ಲ. ಅಭ್ಯಾಸವಾಗುವುದು ದಣಿವಿನ ಭಾವನೆಗೆ ಮಾತ್ರ. ನಿಮ್ಮ ಪ್ರಯಾಣದ ಲೆಕ್ಕವನ್ನೇ ತೆಗೆದುಕೊಳ್ಳಿ. ತಿಂಗಳಿಗೆ 22 ದಿನ ಹೋಗಿ ಬಂದರೆ ರಸ್ತೆಯ ಮೇಲೆ 50 ಗಂಟೆಗಿಂತ ಹೆಚ್ಚು ಕಳೆಯುತ್ತದೆ. ಆ ಹೊತ್ತು ಡ್ಯೂಟಿಯಿಂದ ಕಡಿತವಾಗುವುದಿಲ್ಲ, ಓದಿನಿಂದ, ಮಗನ ಜೊತೆಗಿನ ಸಂಜೆಯಿಂದ, ಕೊನೆಗೆ ನಿದ್ರೆಯಿಂದ ಕಡಿತವಾಗುತ್ತದೆ.

ಇಷ್ಟಾದ ಮೇಲೆ ನಿಮ್ಮ ಮುಂದಿರುವ ದಾರಿಗಳು ಯಾವುವು? ದಿನವೂ ಕಾರಿನಲ್ಲಿ ಓಡಾಡುವುದನ್ನು, ಡ್ಯೂಟಿ ರಾತ್ರಿಗಳ ಮರುದಿನವೂ ಸೇರಿಸಿ, ಮೂರು ವರ್ಷ ಮಾಡಬೇಡಿ ಎಂದು ನೇರವಾಗಿ ಹೇಳುತ್ತೇನೆ. ಓಡಾಡಿಕೊಂಡೇ ಮುಗಿಸಿದವರು ಬಹಳ ಜನ ಇರುವುದು ನಿಜ, ಆದರೆ ಆ ಲೆಕ್ಕದಲ್ಲಿ ಮುಗಿಸಲಾಗದವರು ಸೇರಿರುವುದಿಲ್ಲ. ಕುಟುಂಬವನ್ನೆಲ್ಲ ಆಸ್ಪತ್ರೆಯ ಹತ್ತಿರಕ್ಕೆ ತರುವುದು ವೈದ್ಯಕೀಯ ದೃಷ್ಟಿಯಿಂದ ಅತ್ಯಂತ ಸುರಕ್ಷಿತ. ಅದರ ಹೊರೆಯನ್ನು ಆಗ ನಿಮ್ಮ ಪತಿ ಹೊರುತ್ತಾರೆ, ನಿಮ್ಮ ಅಪಾಯ ಕಡಿಮೆಯಾಗಿ ಅವರ ಅಪಾಯ ಹೆಚ್ಚುತ್ತದೆ, ಆದರೂ ಅವರು ಓಡಿಸುವುದು ಸಾಮಾನ್ಯವಾಗಿ ರಾತ್ರಿ ಮಲಗಿ ಎದ್ದ ಮೇಲೆ ಎಂಬ ವ್ಯತ್ಯಾಸ ಸಣ್ಣದಲ್ಲ. ಆಸ್ಪತ್ರೆಯ ಆವರಣದಲ್ಲೇ ಇರುವವರಿಗೆ ಇನ್ನೊಂದು ತೊಡಕು ಉಂಟು. ಸಹೋದ್ಯೋಗಿ ಬಾರದಿದ್ದಾಗ, ಕೈ ಸಾಲದಾದಾಗ ಮೊದಲು ಬಾಗಿಲು ತಟ್ಟುವುದು ಹತ್ತಿರದವರದೇ, ‘ಒಂದೇ ನಿಮಿಷ ಬಂದು ಹೋಗಿ’ ಎಂಬ ಕರೆಗಳಿಗೆ ಕೊನೆಯಿರುವುದಿಲ್ಲ. ಈಗಿನ ಮನೆಗೂ ಆಸ್ಪತ್ರೆಗೂ ನಡುವೆ ಎಲ್ಲೋ ಮನೆ ಮಾಡುವ ಸಲಹೆಯನ್ನು ಹಲವರು ಕೊಟ್ಟಿರಬಹುದು. ಲೆಕ್ಕ ಹಾಕಿದರೆ ಅಲ್ಲಿಂದಲೂ 15 ನಿಮಿಷದಲ್ಲಿ ಆಸ್ಪತ್ರೆಯನ್ನು ತಲುಪಲಾಗದು, ಅತ್ತೆಯವರು ತಮ್ಮ ಪರಿಚಿತ ಸುತ್ತಮುತ್ತಲನ್ನು ಬಿಡಬೇಕಾಗುತ್ತದೆ, ನಿಮ್ಮಿಬ್ಬರ ಪ್ರಯಾಣವೂ ತಪ್ಪುವುದಿಲ್ಲ. ನನಗೆ ಅದು ಹಿಡಿಸದು.

ನಿಮ್ಮ ಸ್ಥಿತಿಯಲ್ಲಿ ನಾನಿದ್ದರೆ ಮೊದಲ ವರ್ಷಕ್ಕೆ ಕುಟುಂಬದ ಮನೆಯನ್ನು ಇದ್ದಲ್ಲೇ ಇಟ್ಟುಕೊಂಡು, ಆಸ್ಪತ್ರೆಯ ಹಾಸ್ಟೆಲ್ಲಿನಲ್ಲೋ ನಡೆದು ಹೋಗುವಷ್ಟು ಹತ್ತಿರದಲ್ಲೋ ಒಂದು ಕೋಣೆ ಮಾಡುತ್ತಿದ್ದೆ. ಡ್ಯೂಟಿಯ ಹಿಂದಿನ ರಾತ್ರಿ ಅಲ್ಲಿ ಮಲಗುವುದು, ಡ್ಯೂಟಿ ಮುಗಿದ ಬೆಳಿಗ್ಗೆ ಅಲ್ಲೇ ಕನಿಷ್ಠ ನಾಲ್ಕು ಗಂಟೆ ಮಲಗಿ ಎದ್ದು ಊಟ ಮಾಡಿ ಮನೆಗೆ ಹೊರಡುವುದು. ನಾಲ್ಕು ಗಂಟೆಯ ನಿದ್ರೆ ಪೂರ್ತಿ ಸಾಲದು, ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ ದೇಹ ಮತ್ತೊಮ್ಮೆ ತೂಕಡಿಸುತ್ತದೆ, ಹಾಗಾಗಿ ಆ ಹೊತ್ತನ್ನು ತಪ್ಪಿಸಿ, ಸಾಧ್ಯವಾದರೆ ರೈಲು ಅಥವಾ ಬಸ್ಸಿನಲ್ಲಿ ಹೋಗಬೇಕು. ಮಗನನ್ನು ಆರು ಗಂಟೆ ತಡವಾಗಿ ನೋಡುತ್ತೀರಿ. ಇದು ಸುಲಭವಲ್ಲ, ಡ್ಯೂಟಿ ಮುಗಿದ ಕೂಡಲೇ ಮಗುವಿನತ್ತ ಓಡಬೇಕೆನ್ನುವ ತಾಯಿಗೆ ಈ ಮಾತು ಹೇಳುವಾಗ ನನಗೂ ಸಂಕಟವಾಗುತ್ತದೆ, ಆದರೂ ಹೇಳುತ್ತೇನೆ. ಎರಡು ಕಡೆ ಬಾಡಿಗೆಯ ಹೊರೆಯೂ ಇದೆ. ಅದೇ ವಿಭಾಗದ ಇನ್ನಿಬ್ಬರು ದೂರದವರು ಸಿಕ್ಕರೆ ಒಂದೇ ಕೋಣೆಯನ್ನು ಹಂಚಿಕೊಳ್ಳಬಹುದು, ನಿಮ್ಮ ಡ್ಯೂಟಿಗಳು ಒಂದೇ ದಿನ ಬೀಳುವುದು ಹೇಗೂ ಅಪರೂಪ.

ಎರಡನೆಯ ವರ್ಷದಿಂದ, ಮನೆಯಿಂದ ಆನ್-ಕಾಲ್ ಆರಂಭವಾದಾಗ, ಆ ರಾತ್ರಿಗಳಿಗೆ ನಿಮ್ಮ ‘ಮನೆ’ ಆ ಕೋಣೆಯೇ. 50 ನಿಮಿಷ ದೂರದ ಮನೆಯಲ್ಲಿ ಮಲಗಿ 30 ನಿಮಿಷದ ಮಾತು ಕೊಡುವಂತಿಲ್ಲ. ಅಂಥ ರಾತ್ರಿಗಳು ತಿಂಗಳಿಗೆ ಎಷ್ಟು ಬರುತ್ತವೆ ಎಂಬುದರ ಮೇಲೆ ಕುಟುಂಬವನ್ನು ಕರೆತರಬೇಕೇ ಎಂದು ಆಗ ತೀರ್ಮಾನಿಸಬಹುದು. ಅಷ್ಟರಲ್ಲಿ ಮಗನಿಗೂ ಶಾಲೆಗೆ ಸೇರುವ ವಯಸ್ಸಾಗಿರುತ್ತದೆ, ಮನೆ ಎಲ್ಲಿರಬೇಕು ಎಂಬ ಪ್ರಶ್ನೆ ಹೇಗೂ ಮತ್ತೆ ಏಳುತ್ತದೆ.

ನಿಯಮಗಳು ನಿಮ್ಮ ಬೆಂಬಲಕ್ಕೆ ಎಷ್ಟಿವೆ ಎಂಬುದನ್ನೂ ತಿಳಿದಿರಿ. ಅಮೆರಿಕದಲ್ಲಿ 2003ರಿಂದ ತರಬೇತಿ ವೈದ್ಯರ ಕೆಲಸಕ್ಕೆ ವಾರಕ್ಕೆ ಸರಾಸರಿ 80 ಗಂಟೆಯ ಮಿತಿಯಿದೆ, ಮನೆಯಿಂದ ಆನ್-ಕಾಲ್ ಇದ್ದಾಗ ರೋಗಿಗಳಿಗಾಗಿ ಮಾಡಿದ ಕೆಲಸವೂ ಅದರಲ್ಲಿ ಸೇರುತ್ತದೆ, ಮತ್ತು ಗಾಡಿ ಓಡಿಸಲಾಗದಷ್ಟು ದಣಿದವರಿಗೆ ಮಲಗುವ ಜಾಗವನ್ನೂ ಸುರಕ್ಷಿತವಾಗಿ ಮನೆ ತಲುಪುವ ವ್ಯವಸ್ಥೆಯನ್ನೂ ತರಬೇತಿ ಸಂಸ್ಥೆ ಕೊಡಬೇಕು. ಇಂಗ್ಲೆಂಡಿನ ತರಬೇತಿ ವೈದ್ಯರ 2016ರ ಕರಾರಿನಲ್ಲೂ ಇದೇ ಬಗೆಯ ಮಾತಿದೆ. ಭಾರತದಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ನಿಯಮಾವಳಿ ಕೆಲಸದ ಗಂಟೆಗಳು ಸಮಂಜಸವಾಗಿರಬೇಕು, ದಿನದಲ್ಲಿ ವಿಶ್ರಾಂತಿಗೆ ಸಮಂಜಸ ಸಮಯ ಸಿಗಬೇಕು ಎನ್ನುತ್ತದೆ. ಕಾಲೇಜು ವಸತಿಯನ್ನು ಕಡ್ಡಾಯವಾಗಿ ಒದಗಿಸಬೇಕು, ಆದರೆ ಅಲ್ಲೇ ಇರಬೇಕೆಂಬ ಕಡ್ಡಾಯ ವಿದ್ಯಾರ್ಥಿಗಿಲ್ಲ ಎಂದೂ ಹೇಳುತ್ತದೆ. ನೀವು ಎಲ್ಲಿಯೇ ಸೇರುತ್ತಿರಲಿ, ವಸತಿಯ ಹಕ್ಕು, ಡ್ಯೂಟಿ ನಂತರದ ಬಿಡುವು, ದಣಿದಾಗ ಮಲಗುವ ಜಾಗ ಈ ಮೂರನ್ನು ಬರಹದಲ್ಲಿ ಕೇಳಿ ಪಡೆಯಿರಿ. ಕಾಗದದ ಮೇಲಿರುವ ನಿಯಮ ವಾರ್ಡಿನಲ್ಲಿ ನಡೆಯುತ್ತಿದೆಯೇ ಎಂಬುದನ್ನು ಈಗ ಎರಡನೆಯ ವರ್ಷದಲ್ಲಿರುವವರನ್ನು ಕೇಳಿದರೆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಡ್ಯೂಟಿ ರಾತ್ರಿಯ ಮರುದಿನ ಅವರು ನಿಜವಾಗಿ ಎಷ್ಟು ಗಂಟೆಗೆ ಹೊರಬೀಳುತ್ತಾರೆ ಎಂದು ಕೇಳಿ. ಹ್ಯಾಂಡೋವರ್ (ಮುಂದಿನ ಪಾಳಿಯವರಿಗೆ ಕೆಲಸ ಒಪ್ಪಿಸುವುದು) ಎಂಟಕ್ಕೆ ಎಂದು ಬರೆದಿರುವಲ್ಲಿ ಮಧ್ಯಾಹ್ನ ಎರಡಕ್ಕೆ ಮನೆಗೆ ಹೋಗುವ ಪದ್ಧತಿ ಇದ್ದರೆ, ನಾನು ಮೇಲೆ ಹೇಳಿದ ನಾಲ್ಕು ಗಂಟೆಯ ನಿದ್ರೆ ರಾತ್ರಿಯ ನಿದ್ರೆಯೇ ಆಗಬೇಕು ಮತ್ತು ಅಂದು ಮನೆಗೆ ಹೋಗುವ ಮಾತೇ ಬೇಡ.

‘ಚಿಕ್ಕ ಮಗುವಿರುವವರು ಈ ವಿಷಯ ತೆಗೆದುಕೊಳ್ಳಲೇಬಾರದಿತ್ತು’ ಎಂದವರ ಮಾತಿಗೆ ನನ್ನಲ್ಲಿ ಒಪ್ಪಿಗೆಯಿಲ್ಲ. ಪ್ರಸೂತಿ ವಿಭಾಗವನ್ನು ಚಿಕ್ಕ ಮಕ್ಕಳ ತಾಯಂದಿರು ನಡೆಸುವುದನ್ನು ಜೀವಮಾನವಿಡೀ ನೋಡಿದ್ದೇನೆ, ಅವರು ಇಲ್ಲದಿದ್ದರೆ ಆ ವಿಭಾಗಗಳು ನಡೆಯುತ್ತಲೇ ಇರಲಿಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಮಗುವಿನ ವಿಷಯವನ್ನು ವಿಭಾಗದ ಮುಖ್ಯಸ್ಥರಿಗೆ ಹೇಳಿ. ಆಯ್ಕೆ ಅಂತಿಮವಾಗಿ ಪ್ರವೇಶದ ದಾಖಲೆ ಕೈಗೆ ಬಂದ ಮೇಲೆ, ಮೊದಲ ಡ್ಯೂಟಿ ಪಟ್ಟಿ ತಯಾರಾಗುವ ಮೊದಲು ಹೇಳಿ. ವಿನಾಯಿತಿ ಕೇಳುವ ಧಾಟಿ ಬೇಡ. ನಿಮ್ಮ ಮನೆ ಎಷ್ಟು ದೂರದಲ್ಲಿದೆ, ಡ್ಯೂಟಿ ದಿನಗಳಿಗೆ ಹತ್ತಿರದಲ್ಲಿ ಏನು ವ್ಯವಸ್ಥೆ ಮಾಡಿಕೊಂಡಿದ್ದೀರಿ, ರಾತ್ರಿ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಮೊದಲು ತಿಳಿಸಿ, ಆಮೇಲೆ ನಿಮಗೆ ಬೇಕಾದುದನ್ನು ಕೇಳಿ: ಡ್ಯೂಟಿ ಪಟ್ಟಿ ಸಾಧ್ಯವಾದಷ್ಟು ಮುಂಚಿತವಾಗಿ ಸಿಗಲಿ, ಡ್ಯೂಟಿಗಳು ಒಂದರ ಬೆನ್ನಿಗೊಂದು ಬೀಳದಿರಲಿ, ಮರುದಿನ ಬೆಳಿಗ್ಗೆ ಮಲಗಲು ಡ್ಯೂಟಿ ರೂಮಿನ ಕೀಲಿ ನಿಮ್ಮ ಬಳಿ ಇರಲಿ. ಕೆಲವು ಮುಖ್ಯಸ್ಥರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ಆದರೆ ಯಾವ ರಾತ್ರಿ ಯಾರು ಎಷ್ಟು ಹೊತ್ತಿಗೆ ಬರಬಲ್ಲರು ಎಂಬುದು ನಿಖರವಾಗಿ ತಿಳಿದಿರುವುದೇ ಪಟ್ಟಿ ಮಾಡುವವರಿಗೆ ಬೇಕಾದದ್ದು, ನನ್ನ ಮೇಜಿನ ಆಚೆ ಕುಳಿತು ಇಷ್ಟು ಸ್ಪಷ್ಟವಾಗಿ ಹೇಳಿದವರ ಮೇಲೆ ನನಗೆ ಬೇಸರವಾದ ನೆನಪಿಲ್ಲ. ಅವರೊಂದಿಗೆ ಮಾತನಾಡುವ ಮೊದಲು ಒಂದು ರಾತ್ರಿ ಎರಡು ಗಂಟೆಗೆ ನಿಮ್ಮ ಪತಿಯ ಜೊತೆ, ಅವರು ಗಾಡಿ ಓಡಿಸಲಿ, ನಿಮ್ಮ ಹಾಸಿಗೆಯಿಂದ ಎದ್ದು ಲೇಬರ್ ರೂಮಿನ ಬಾಗಿಲವರೆಗೆ ಹೋಗಿ ಬನ್ನಿ. ಆ ನಿಮಿಷಗಳನ್ನು ಬರೆದಿಟ್ಟುಕೊಂಡು, ಮಾತುಕತೆಗೆ ಆ ಚೀಟಿಯನ್ನು ತೆಗೆದುಕೊಂಡು ಹೋಗಿ.